ಕೊಡಿಯೊಲೆಯ ಪಕ್ಕದ ಅನ್ನ

ನಮ್ಮ ಮದರಾಸಿನ ಮನೆಯ ಮಹಡಿ ರೂಮಿನಲ್ಲಿ ಮೂರು ವರ್ಷ ಇದ್ದ ಕೊರಿಯಾದ ವಿದ್ಯಾರ್ಥಿಯೊಬ್ಬರು ತೀರಿಕೊಂಡರೆಂದು ಹೋದ ವಾರ ಕಾಗದ ಬಂತು. ಬರೆದವಳು ಅವರ ಮಗಳು. ಅವಳನ್ನು ನಾನು ಕಂಡಿಲ್ಲ. ಅಪ್ಪನಿಗೆ ಏನಾಗಿತ್ತು, ಎಷ್ಟು ದಿನ ಮಲಗಿದ್ದರು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದು, ಕೊನೆಗೆ ಒಂದು ಪ್ರಶ್ನೆ ಕೇಳಿದ್ದಾಳೆ: "ಅಜ್ಜಿಯ ಬಟ್ಟಲನ್ನು ಇನ್ನು ಏನು ಮಾಡಬೇಕು? ನಿಮ್ಮನ್ನೇ ಕೇಳಬೇಕೆಂದು ಅಪ್ಪ ಹೇಳಿದ್ದರು."

ಉತ್ತರ ಒಂದೇ ಸಾಲಿನದು. ಆದರೆ ಆ ಸಾಲು ಬರೆಯಲು ಕೂತರೆ ಕೈ ಓಡುತ್ತಿಲ್ಲ. ಅದಕ್ಕೇ ಮೊದಲು ಅವರ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಹೆಸರು ಬಾಯಿಬಿಟ್ಟು ಹೇಳಿ ಒಮ್ಮೆ ಕೆಟ್ಟವಳು ನಾನು.

ನಮ್ಮ ಅಪ್ಪ ಗಿಂಡಿ ಸ್ಟೇಷನ್ನಿನ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರು. ಕುಂದಾಪುರದ ಕಡೆಯವರು. ಊರು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಮಾತು ಬಿಟ್ಟಿರಲಿಲ್ಲ, 'ಇದೆ' ಎನ್ನುವಲ್ಲಿ 'ಇತ್ತ್' ಎಂದೇ ಹೇಳುತ್ತಿದ್ದರು. ನಡುವೆ ನಾಲ್ಕು ತಮಿಳು ಶಬ್ದ ಸೇರಿಕೊಂಡಿದ್ದವು, ಅಷ್ಟೇ. ಅರವತ್ತೆರಡನೆಯ ಇಸವಿ ಇರಬೇಕು, ಪಕ್ಕದ ಕಾಲೇಜಿಗೆ ಹೊರದೇಶದಿಂದ ಓದಲು ಬಂದ ಒಬ್ಬ ಹುಡುಗ ದಿನಾ ಹೋಟೆಲಿಗೆ ಬಂದು, ಇಡ್ಲಿ ತಟ್ಟೆಯ ಮುಂದೆ ಪರೀಕ್ಷೆಗೆ ಕೂತವನಂತೆ ಕೂತಿರುತ್ತಿದ್ದನಂತೆ. ಏನು ತೊಂದರೆ ಎಂದು ಅಪ್ಪ ಒಂದು ದಿನ ಹೋಗಿ ವಿಚಾರಿಸಿದರು. ಹುಡುಗ ಎದ್ದು ನಿಂತು, ಬಗ್ಗಿ ನಮಸ್ಕರಿಸಿ, ತನ್ನ ತೊಂದರೆ ಹೇಳಿದ. ಮದರಾಸಿನಲ್ಲಿ ಎಲ್ಲವೂ ಮೆತ್ತಗೆ. ಇಡ್ಲಿ ಮೆತ್ತಗೆ, ಅನ್ನ ಮೆತ್ತಗೆ, ಪಲ್ಯ ಮೆತ್ತಗೆ. ಕರುಮ್ಮೆಂದು ಕಡಿಯುವುದಕ್ಕೆ ಒಂದೂ ಇಲ್ಲ.

ಅಪ್ಪ ಮನೆಗೆ ಬಂದು ಅಮ್ಮನಿಗೆ ಹೇಳಿದರು: "ಪಾವಂ, ಹಲ್ಲಿಗೆ ಕೆಲ್ಸ ಇಲ್ದೆ ಸೊರಗ್ತಾ ಇತ್ತ್ ಆ ಹುಡ್ಗ. ಒಂದ್ ದಿನ ಕರ್ಕಂಡ್ ಬತ್ತೆ. ನಿನ್ ಮಿಡಿ ಉಪ್ಪಿನಕಾಯಿ ಹಾಕ್."

ಅಮ್ಮನ ಮಾವಿನ ಮಿಡಿಯನ್ನು ಕಚ್ಚಿದಾಗ ಆ ವಿದ್ಯಾರ್ಥಿಯ ಮುಖದಲ್ಲಾದ ಬದಲಾವಣೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಣ್ಣು ಮುಚ್ಚಿ ಕರುಂ ಕರುಂ ಎನಿಸಿದರು. ನಾಲ್ಕು ಮಿಡಿ ಮುಗಿಸಿದರು. ತಿಂಗಳು ತುಂಬುವುದರೊಳಗೆ ಹಾಸ್ಟೆಲು ಬಿಟ್ಟು ನಮ್ಮ ಮಹಡಿ ರೂಮಿಗೆ ಬಂದರು. ಉಪ್ಪಿನಕಾಯಿಗಾಗಿ ಮನೆ ಬದಲಾಯಿಸಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಅವರ ಮರ್ಯಾದೆ ಒಂದು ದೊಡ್ಡ ಕಾಟ. ನೀರಿನ ಲೋಟ ಕೊಟ್ಟರೂ ಎರಡು ಕೈಯಲ್ಲಿ ತೆಗೆದುಕೊಳ್ಳಬೇಕು. ಹಿರಿಯರು ತುತ್ತು ಬಾಯಿಗಿಡದೆ ಕಿರಿಯರು ಊಟ ಮುಟ್ಟಬಾರದು, ಅದು ಅವರ ಕಡೆಯ ಕ್ರಮ. ಅತಿಥಿ ಉಣ್ಣದೆ ಯಜಮಾನ ಉಣ್ಣಬಾರದು, ಅದು ನಮ್ಮ ಅಪ್ಪನ ಕ್ರಮ. ಮೊದಲ ವಾರವೆಲ್ಲ ಇಬ್ಬರೂ ಎಲೆಯ ಮುಂದೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡಿರುತ್ತಿದ್ದರು. ಹುಳಿ ಆರಿ ತಣ್ಣಗಾಗುತ್ತಿತ್ತು. ಕೊನೆಗೆ ಅಮ್ಮನಿಗೆ ರೇಗಿ, "ಹ್ವಾಯ್, ನೀವ್ ಒಂದ್ ತುತ್ತ್ ಬಾಯಿಗ್ ಹಾಕಿ. ಇಲ್ದಿದ್ರೆ ಇಬ್ರ್ ಎಲೆನೂ ತೆಗಿತೆ ಈಗ," ಎಂದರು. ಅಂದಿನಿಂದ ಅಪ್ಪ ಒಂದು ಅಗುಳು ಬಾಯಿಗೆ ಹಾಕಿಕೊಂಡು ಅವರ ಕಡೆ ತಲೆ ಅಲ್ಲಾಡಿಸುವುದು, ಅವರು ಶುರುಮಾಡುವುದು ರೂಢಿಯಾಯಿತು.

ಒಂದು ಮಾತು ಮುಚ್ಚಿಡಬಾರದು. ಅವರಿಗೆ ಎಲೆ ಹಾಕುತ್ತಿದ್ದದ್ದು ಮುಂದಿನ ಹಾಲಿನಲ್ಲಿ. ಅಪ್ಪನೂ ಅವರ ಜೊತೆ ಅಲ್ಲೇ ಕೂರುತ್ತಿದ್ದರು, ನಿಜ. ಆದರೆ ಅಡುಗೆಮನೆಯ ಹೊಸ್ತಿಲು ಅವರು ದಾಟುವಂತಿರಲಿಲ್ಲ. ಅಮ್ಮನ ಮಡಿ ಅಂಥದ್ದು. ದಾಟಬೇಡಿ ಎಂದು ಯಾರೂ ಹೇಳಿರಲಿಲ್ಲ. ಅವರೇ ತಿಳಿದುಕೊಂಡು ಹೊಸ್ತಿಲಿನಿಂದ ಒಂದು ಮೊಳ ದೂರ ನಿಂತು "ಅಮ್ಮಾ" ಎನ್ನುತ್ತಿದ್ದರು. ಅಮ್ಮ ಅಲ್ಲಿಂದಲೇ "ಉಂಡ್ಯಾ?" ಎನ್ನುತ್ತಿದ್ದರು. ಅವರು ಕಲಿತ ಮೊದಲ ಕನ್ನಡ ಶಬ್ದ ಅದು. ಅವರ ಊರಿನಲ್ಲೂ ಎದುರು ಸಿಕ್ಕವರನ್ನು ಕೇಳುವುದು ಅದನ್ನೇ ಅಂತೆ.

ತಿಂಗಳಿಗೊಂದು ಭಾನುವಾರ ಎಣ್ಣೂರಿಗೆ ಹೋಗುತ್ತಿದ್ದರು. ಅಲ್ಲಿ ಬೆಸ್ತರ ಮನೆಗಳ ಮುಂದೆ ಒಣಮೀನು ಹರಡಿರುತ್ತದಲ್ಲ, ಅದರ ವಾಸನೆಗೆ. ಅವರು ಹುಟ್ಟಿದ್ದು ತಮ್ಮ ದೇಶದ ಉತ್ತರದ ಒಂದು ಬಂದರಿನಲ್ಲಿ. ಎಣ್ಣೂರಿನಲ್ಲಿ ಕಣ್ಣು ಮುಚ್ಚಿ ನಿಂತರೆ ತಮ್ಮ ಬೀದಿಯಲ್ಲೇ ನಿಂತ ಹಾಗೆ ಆಗುತ್ತದೆ, ಕಣ್ಣು ತೆರೆದರೆ ಮಾತ್ರ ಕಷ್ಟ ಎಂದು ನನಗೆ ಹೇಳಿದ್ದರು. ವಾಪಸು ಬಂದಾಗ ಅಮ್ಮ ದೂರದಿಂದಲೇ ಮೂಗು ಅರಳಿಸಿ ಹಿತ್ತಲ ನಲ್ಲಿಯ ಕಡೆಗೆ ಕೈ ತೋರಿಸುತ್ತಿದ್ದರು. ಅವರು ಸ್ನಾನ ಮಾಡಿ, ಬಟ್ಟೆ ಒಗೆದು ಹಾಕಿ, ಆಮೇಲೆ ಊಟಕ್ಕೆ ಬರುತ್ತಿದ್ದರು. ಒಮ್ಮೆ ಅಮ್ಮನಿಂದ ಹಳೆಯ ಭರಣಿ ಇಸಕೊಂಡು, ಕೋಸು, ಬೆಳ್ಳುಳ್ಳಿ, ಮೆಣಸಿನ ಪುಡಿ ಹಾಕಿ ತಮ್ಮ ಊರಿನ ಉಪ್ಪಿನಕಾಯಿ ಮಾಡಿದರು. ಅವರ ಊರಿನ ಚಳಿಯಲ್ಲಿ ಅದು ತಿಂಗಳುಗಟ್ಟಲೆ ಹದವಾಗಿ ಹುಳಿ ಬರುವಂಥದ್ದು. ಮದರಾಸಿನ ಮೇ ತಿಂಗಳಲ್ಲಿ ಎರಡನೆಯ ದಿನವೇ ಉಕ್ಕಿ ಮುಚ್ಚಳ ಹಾರಿಸಿ ಮೆಟ್ಟಿಲ ಮೇಲೆ ಇಳಿದು ಬಂತು. ಬೀದಿಗೆಲ್ಲ ಬೆಳ್ಳುಳ್ಳಿ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಭರಣಿ ನಂಗೆ ಬ್ಯಾಡ ಮಗಾ, ನೀನೇ ಇಟ್ಕೊ," ಎಂದರು.

ಆಗ ನನಗೆ ಹದಿನೇಳು. ಅವರಿಗೆ ಇಪ್ಪತ್ತೈದು. ಅವರ ಮೇಲೆ ನನಗೆ ಮನಸ್ಸಿತ್ತೇ ಎಂದರೆ, ಇತ್ತು. ಅವರಿಗೆ ಗೊತ್ತಿತ್ತೇ ಎಂದರೆ, ಗೊತ್ತಿಲ್ಲ. ಮಾತು ಎಂದರೆ ಮೆಟ್ಟಿಲ ಮೇಲೆ ಮೇಲಿನವರು ಕೆಳಗೆ, ಕೆಳಗಿನವಳು ಮೇಲೆ ಹೋಗುವಾಗ ಇಂಗ್ಲಿಷಿನಲ್ಲಿ ಆಡಿದ್ದು. ಅವರ ಮನಸ್ಸು ಸದಾ ಬೇರೆ ಎಲ್ಲೋ ಕಾದು ನಿಂತಿರುತ್ತಿತ್ತು. ಅದು ಎಲ್ಲಿ ಎಂದು ನಮಗೆ ತಿಳಿಯಿತು, ಆದರೆ ತಿಳಿದ ರೀತಿ ಚೆನ್ನಾಗಿರಲಿಲ್ಲ.

ಅವರು ಊಟಕ್ಕೆ ಕೂತಾಗ ಮೊದಲ ಅನ್ನದಲ್ಲಿ ಒಂದು ಹಿಡಿ ತೆಗೆದು, ತಮ್ಮದೇ ಒಂದು ಸಣ್ಣ ಹಿತ್ತಾಳೆ ಬಟ್ಟಲಿಗೆ ಹಾಕಿ, ಮುಚ್ಚಳ ಮುಚ್ಚಿ, ಮೇಲೆ ಒಯ್ಯುತ್ತಿದ್ದರು. ರಾತ್ರಿ ಹಸಿವಾಗುತ್ತದೇನೋ ಎಂದು ನಾವಂದುಕೊಂಡಿದ್ದೆವು. ಆದರೆ ಬೆಳಿಗ್ಗೆ ಆ ಅನ್ನವನ್ನು ಮಹಡಿಯ ಗೋಡೆಯ ಮೇಲೆ ಇಡುತ್ತಿದ್ದರು. ಕಾಗೆಗಳು ಬಂದು ತಿನ್ನುತ್ತಿದ್ದವು. ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತ ಅಪ್ಪನ ಕಣ್ಣಿಗೆ ಅದು ಬಿತ್ತು.

ನಮ್ಮವರಿಗೆ ಕಾಗೆಗೆ ಅನ್ನ ಇಡುವುದೆಂದರೆ ಅರ್ಥ ಒಂದೇ. ತಾಯಿಯ ಬಗ್ಗೆ ಅಪ್ಪ ಹಿಂದೆ ಒಮ್ಮೆ ಕೇಳಿದಾಗ ಅವರು, "ಉತ್ತರದಲ್ಲಿ. ಇನ್ನೂ ಬಂದಿಲ್ಲ," ಎಂದಷ್ಟೇ ಹೇಳಿದ್ದರು. ಅವರ ದೇಶದಲ್ಲಿ ಯುದ್ಧವಾದದ್ದು, ದೇಶ ಎರಡಾದದ್ದು ಅಪ್ಪನಿಗೆ ಪತ್ರಿಕೆಯಿಂದ ಗೊತ್ತಿತ್ತು. ಎರಡೂ ಕೂಡಿಸಿ ಅಪ್ಪ ತೀರ್ಮಾನಕ್ಕೆ ಬಂದರು: ತಾಯಿ ಹೋಗಿದ್ದಾಳೆ. ಮಗನಿಗೆ ಹೇಳಲು ಬಾಯಿ ಬರುವುದಿಲ್ಲ. ಕ್ರಮ ಗೊತ್ತಿಲ್ಲದೆ ತನಗೆ ತಿಳಿದ ಹಾಗೆ ಕಾಗೆಗೆ ಇಡುತ್ತಿದ್ದಾನೆ.

ಅಪ್ಪ ನಮ್ಮ ಮನೆಗೆ ಬರುತ್ತಿದ್ದ ಪುರೋಹಿತ ಭಟ್ಟರನ್ನು ಕೇಳಿದರು. ಭಟ್ಟರು ಬೆರಳು ಮಡಿಸಿ ಎಣಿಸಿ, "ಹನ್ನೆರ್ಡ್ ವರ್ಷ ಸುದ್ದಿ ಇಲ್ಲೆ ಅಂದ್ರೆ ಶಾಸ್ತ್ರದಲ್ಲಿ ಹೋದ್ರ್ ಅಂತ್ಲೇ ಲೆಕ್ಕ. ತಿಥಿ ಗೊತ್ತಿಲ್ದಿದ್ರೆ ಮಹಾಲಯ ಅಮಾವಾಸ್ಯೆ ಇತ್ತಲ್ಲ. ನೀವೇ ಒಂದ್ ಎಳ್ಳ್‌ನೀರ್ ಬಿಡ್ಲಕ್ಕ್, ಆಪ್ತರಿಗೆ ಬಿಡ್ಲಕ್ಕ್ ಅಂತ ಇತ್ತ್. ಗೋತ್ರ ಗೊತ್ತಿಲ್ದಿದ್ರೆ ಕಾಶ್ಯಪ. ಹೆಸ್ರ್ ಮಾತ್ರ ಬೇಕೇ ಬೇಕ್," ಎಂದರು.

ಹೆಸರು ತರುವ ಕೆಲಸ ನನ್ನ ತಲೆಗೆ ಬಂತು. "ಅವ್ನಿಗೆ ಈಗ್ಲೇ ಹೇಳೂದ್ ಬ್ಯಾಡ, ಬೇಜಾರ್ ಮಾಡ್ಕಂತ. ಆದ್ಮೇಲೆ ಹೇಳ್ವ," ಎಂದರು ಅಪ್ಪ. ನನಗೂ ಅದು ಪುಣ್ಯದ ಕೆಲಸವೆಂದೇ ಅನ್ನಿಸಿತು. ಅವರಿಗಾಗಿ ಏನಾದರೂ ಮಾಡಲು ಒಂದು ದಾರಿ ಸಿಕ್ಕಿತೆಂದು ಖುಷಿಯೂ ಆಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೆಟ್ಟಿಲ ಮೇಲೆ ಕೇಳಿದೆ: "ನಿಮ್ಮ ಅಮ್ಮನ ಹೆಸರೇನು?"

ಅವರು ಒಂದು ಕ್ಷಣ ನಿಂತರು. ಆಮೇಲೆ ಮುಖವೆಲ್ಲ ಬೆಳಗಿತು. ಅವರ ಕಡೆ ಹೆತ್ತವರ ಹೆಸರನ್ನು ಮಕ್ಕಳು ಒಂದೇ ಉಸಿರಿಗೆ ಹೇಳಬಾರದಂತೆ. ಒಂದೊಂದು ಅಕ್ಷರಕ್ಕೂ ನಿಂತು, ಗೌರವ ಕೊಟ್ಟು ಹೇಳಬೇಕಂತೆ. ಹಾಗೇ ಹೇಳಿದರು. ನಾನು ಹಾಗೇ ತಿರುಗಿ ಹೇಳಿದೆ. ತಪ್ಪಿದಲ್ಲಿ ತಿದ್ದಿದರು. "ಈ ದೇಶಕ್ಕೆ ಬಂದ ಮೇಲೆ ಅಮ್ಮನ ಹೆಸರು ಕೇಳಿದವಳು ನೀನೊಬ್ಬಳೇ," ಎಂದರು. ನಾನು ಓಡಿಹೋಗಿ ಅಪ್ಪನಿಗೆ ಒಪ್ಪಿಸಿದೆ.

ಅಮಾವಾಸ್ಯೆಯ ದಿನ ಅವರಿಗೆ ಮಧ್ಯಾಹ್ನದವರೆಗೆ ಕಾಲೇಜು. ಅಷ್ಟರೊಳಗೆ ಮುಗಿಯುತ್ತದೆಂಬ ಲೆಕ್ಕ. ಆದರೆ ಮಹಾಲಯದ ದಿನ ಮದರಾಸಿನಲ್ಲಿ ಯಾವ ಭಟ್ಟರು ಹೇಳಿದ ಹೊತ್ತಿಗೆ ಬಂದಿದ್ದಾರೆ? ಹತ್ತು ಮನೆ ಮುಗಿಸಿ ನಮ್ಮಲ್ಲಿಗೆ ಬಂದಾಗ ಹನ್ನೆರಡೂವರೆ. ಅಪ್ಪ ತಮ್ಮ ಹಿರಿಯರಿಗೆಲ್ಲ ತರ್ಪಣ ಬಿಟ್ಟು, ಕೊನೆಗೆ ಎಳ್ಳು ನೀರು ಕೈಗೆ ತೆಗೆದುಕೊಂಡು, ಕಾಶ್ಯಪ ಗೋತ್ರ ಎಂದು, ಆ ಹೆಸರನ್ನು ನಾನು ಕಲಿಸಿದ ಹಾಗೆ ಅಕ್ಷರ ಅಕ್ಷರಕ್ಕೂ ನಿಂತು ಹೇಳುತ್ತಿದ್ದರು. ಆಗ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು.

ತಮ್ಮ ಅಮ್ಮನ ಹೆಸರು ಕಿವಿಗೆ ಬಿದ್ದೊಡನೆ ಅವರು ನಗುತ್ತಲೇ ತಲೆಯೆತ್ತಿದರು. ಯಾರೋ ಅಮ್ಮನನ್ನು ಕರೆಯುತ್ತಿದ್ದಾರೆ ಎನ್ನುವ ನಗು. ಆಮೇಲೆ ಅವರ ಕಣ್ಣು ಅಪ್ಪನ ಕೈಗೆ ಹೋಯಿತು. ಕರಿ ಎಳ್ಳು. ಹಿಂದಿನ ವರ್ಷದ ಅಮಾವಾಸ್ಯೆಯಲ್ಲಿ ಇದು ಯಾತಕ್ಕೆ ಎಂದು ಅವರು ನನ್ನನ್ನು ಕೇಳಿದ್ದರು. ತೀರಿಹೋದವರಿಗೆ ಎಂದು ನಾನೇ ವಿವರಿಸಿದ್ದೆ.

"ಅಮ್ಮ ಸತ್ತಿಲ್ಲ," ಎಂದರು. ಕನ್ನಡದಲ್ಲೇ ಹೇಳಿದರು. ಅವರು ಪೂರ್ತಿ ಒಂದು ಕನ್ನಡ ವಾಕ್ಯ ಆಡಿದ್ದನ್ನು ನಾವು ಕೇಳಿದ್ದು ಅದೇ ಮೊದಲು.

ಅಪ್ಪನ ಕೈಯ ನೀರು ಆಗಲೇ ತಟ್ಟೆಗೆ ಬಿದ್ದಿತ್ತು.

ಅವರು ಕೂಗಾಡಲಿಲ್ಲ. ನನ್ನ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ಮೆಲ್ಲಗೆ ಎಲ್ಲವನ್ನೂ ಹೇಳಿದರು. ಯುದ್ಧದ ಚಳಿಗಾಲ. ಬಂದರಿನಲ್ಲಿ ಹಡಗು ಹೊರಡುತ್ತಿತ್ತು. ಅವರಿಗೆ ಹನ್ನೆರಡು ವರ್ಷ. ಅಜ್ಜಿಗೆ ನಡೆಯಲಾಗದೆಂದು ಅಮ್ಮ ಹಿಂದೆ ಉಳಿದು, ಇವರನ್ನು ಮಾವನ ಜೊತೆ ಹಡಗು ಹತ್ತಿಸಿದರು. ಅವರ ಕಡೆ ಮನೆಯವರಲ್ಲಿ ಯಾರಾದರೂ ಹೊರಗಿದ್ದರೆ ಅವರ ಪಾಲಿನ ಅನ್ನವನ್ನು ಬಟ್ಟಲಲ್ಲಿ ಹಾಕಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಇಡುವುದು ಪದ್ಧತಿ. ಬಂದವರು ತಣ್ಣನೆಯ ಅನ್ನ ಉಣ್ಣಬಾರದು. "ಮೂರು ದಿನದಲ್ಲಿ ಬರುತ್ತೇನೆ. ನನ್ನ ಅನ್ನ ತೆಗೆದಿಡು," ಎಂದಿದ್ದರು ಅಮ್ಮ. "ನಾನು ತೆಗೆದಿಡುತ್ತಿದ್ದೇನೆ. ಬೆಳಿಗ್ಗೆ ಹಳಸಿದ್ದನ್ನು ಹಕ್ಕಿಗಳಿಗೆ ಹಾಕುತ್ತೇನೆ. ಅಷ್ಟೇ. ನೀನು ಹೆಸರು ಕೇಳಿದ್ದು ಇದಕ್ಕಾ?"

ಅವರು ಮತ್ತೆ ಚಪ್ಪಲಿ ಮೆಟ್ಟಿ ಹೊರಟುಹೋದರು.

ಒಂಬತ್ತು ದಿನ ಅವರು ನಮ್ಮ ಮನೆಯಲ್ಲಿ ಉಣ್ಣಲಿಲ್ಲ. ಬೆಳಿಗ್ಗೆ ಹೋಗುವರು, ಸಂಜೆ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದು ಸೀದಾ ಮೆಟ್ಟಿಲು ಹತ್ತುವರು. ನನ್ನನ್ನು ಕಂಡರೆ ದಾರಿ ಬಿಟ್ಟು ನಿಲ್ಲುವರು. ಬೈದಿದ್ದರೆ ಚೆನ್ನಾಗಿತ್ತು.

ಅಪ್ಪನಿಗೆ ಹೋಟೆಲಿನಲ್ಲಿ ಕೆಲಸ ಸಾಗದು. ಭಟ್ಟರನ್ನು ದಾರಿಯಲ್ಲೇ ಹಿಡಿದು ನಿಲ್ಲಿಸಿ, "ಕೊಟ್ಟ್ ಎಳ್ಳ್‌ನೀರ್ ವಾಪಸ್ ತಕಂಬುಕೆ ಆತ್ತಾ ಭಟ್ರೆ?" ಎಂದು ಕೇಳಿದರು. ಭಟ್ಟರು ತಲೆ ಕೆರೆದುಕೊಂಡು, ಹಾಗೆ ಸತ್ತರೆಂದು ಕರ್ಮ ಮಾಡಿಸಿಕೊಂಡವರು ತಿರುಗಿ ಬಂದರೆ ಅವರು ಹೊಸದಾಗಿ ಹುಟ್ಟಿದ ಹಾಗೆ, ಜಾತಕರ್ಮದಿಂದ ಎಲ್ಲ ಮತ್ತೆ ಮಾಡಬೇಕು ಎಂದರಂತೆ. "ಅವ್ರ್ ಮೊದ್ಲ್ ಬರ್ಲಿ ಮಾರಾಯ್ರೆ, ಆಮೇಲ್ ಕಾಂಬ." ಅಪ್ಪನಿಗೆ ಅದರಿಂದ ಸಮಾಧಾನವಾಗಲಿಲ್ಲ. ಮರುದಿನದಿಂದ ಬೆಳಿಗ್ಗೆ ಎದ್ದವರೇ ಟವೆಲು ಹಿಡಿದು ಮಹಡಿಯ ಗೋಡೆಯ ಹತ್ತಿರ ನಿಂತು, ಅನ್ನವಿಲ್ಲದಿದ್ದರೂ ರೂಢಿಯಂತೆ ಬರುತ್ತಿದ್ದ ಕಾಗೆಗಳನ್ನು ಓಡಿಸಲು ಶುರುಮಾಡಿದರು. ಪಕ್ಕದ ಮನೆಯವರು "ಎನ್ನ ಸಾರ್, ಕಾಕ್ಕಾ ಮೇಲೆ ಕೋಪಮಾ?" ಎಂದು ನಗುತ್ತಿದ್ದರು. ಅಪ್ಪ ನಗಲಿಲ್ಲ. "ಆ ಅಮ್ಮ ಬದ್ಕಿತ್ತ್ ಅಂದ್ಮೇಲೆ ಕಾಗೆಗೆ ಇಲ್ಲ್ ಎಂತ ಕೆಲ್ಸ?" ಎಂದು ನನ್ನನ್ನು ಕೇಳಿದರು, ತಪ್ಪು ಕಾಗೆಯದೇ ಎನ್ನುವ ಹಾಗೆ.

ಅಮ್ಮ ಮಾಡಿದ್ದು ಬೇರೆ. ಅಮಾವಾಸ್ಯೆಯ ಮರುದಿನದಿಂದಲೇ ಅವರು ಅನ್ನ ಬಸಿದೊಡನೆ ಮೊದಲ ಎರಡು ಸಟ್ಟುಗ ಒಂದು ಪಾತ್ರೆಗೆ ಹಾಕಿ, ಮುಚ್ಚಿ, ಕೊಡಿಯೊಲೆಯ ಪಕ್ಕ ಇಡತೊಡಗಿದರು. ಕೊಡಿಯೊಲೆ ಎಂದರೆ ದೊಡ್ಡ ಒಲೆಯ ಪಕ್ಕದಲ್ಲಿ ಅದರ ಬಿಸಿಯಲ್ಲೇ ಬದುಕುವ ಸಣ್ಣ ಒಲೆ. ಊರಿನ ಹಾಗೇ ಬೇಕೆಂದು ಅಮ್ಮ ಮದರಾಸಿನಲ್ಲೂ ಮಣ್ಣಿನಲ್ಲಿ ಕಟ್ಟಿಸಿಕೊಂಡಿದ್ದರು. ಆ ಪಾತ್ರೆ ಮುಟ್ಟಲು ನಮಗೆ ಅಪ್ಪಣೆ ಇಲ್ಲ. ಮರುದಿನ ಅದರ ಅನ್ನ ಹೋಟೆಲಿನ ಹಸುವಿಗೆ ಹೋಗುತ್ತಿತ್ತು. ಒಂಬತ್ತನೆಯ ದಿನ ಅಮ್ಮ ನನ್ನನ್ನು ಕರೆದು, "ನೀ ಕೆಡ್ಸಿದ್ದ್, ನೀನೇ ಸರಿ ಮಾಡ್ಕ್. ಹೋಗಿ ಹೇಳ್ ಅವ್ನಿಗೆ," ಎಂದರು.

ಗಿಂಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಸಿಕ್ಕರು. ಸಂಜೆಯ ಹೊತ್ತು ಅಲ್ಲಿ ಕೂತು ರೈಲಿನಿಂದ ಇಳಿಯುವವರ ಮುಖ ನೋಡುವುದು ಅವರ ಹಳೆಯ ಅಭ್ಯಾಸ. ನಾನು ಕ್ಷಮೆ ಕೇಳಬೇಕೆಂದು ಇಂಗ್ಲಿಷಿನಲ್ಲಿ ದೊಡ್ಡ ವಾಕ್ಯ ಕಟ್ಟಿಕೊಂಡು ಹೋಗಿದ್ದೆ. ಎಲ್ಲ ಮರೆತುಹೋಯಿತು. "ಅಮ್ಮ ಒಂಬತ್ತು ದಿನದಿಂದ ನಿಮ್ಮ ಅನ್ನ ಒಲೆ ಪಕ್ಕ ಇಟ್ಟಿದ್ದಾರೆ. ಇವತ್ತಿನದೂ ಬೆಚ್ಚಗಿದೆ," ಎಂದೆ. ಅಷ್ಟೇ ಬಂತು.

ಅವರು ಬಿಚ್ಚಿದ್ದ ಬ್ರೆಡ್ಡಿನ ಪೊಟ್ಟಣವನ್ನು ಮತ್ತೆ ಕಟ್ಟಿದರು. ಆಮೇಲೆ ಎದ್ದು ನನ್ನ ಹಿಂದೆ ನಡೆದು ಬಂದರು.

ಮನೆಗೆ ಬಂದು, ಯಾವತ್ತಿನ ಹಾಗೆ ಹೊಸ್ತಿಲಿನಿಂದ ಒಂದು ಮೊಳ ದೂರ ನಿಂತರು. "ಅಮ್ಮಾ."

"ಒಳಗೆ ಬಾ ಮಗಾ. ಒಲೆ ಇಲ್ಲಿತ್ತ್. ಅನ್ನ ಇಲ್ಲಿತ್ತ್. ಹೊರ್ಗೆ ತಂದ್ರೆ ತಣೀತ್."

ಅವರು ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ಅವರು ಹೊಸ್ತಿಲು ದಾಟಿ ಒಳಗೆ ಹೋಗಿ ಒಲೆಯ ಮುಂದೆ ಕೂತು, ಎರಡೂ ಕೈಯಲ್ಲಿ ಮುಚ್ಚಳ ತೆಗೆದರು. ಆವಿ ಬಂತು. ಅತ್ತುಬಿಟ್ಟರು. ಅಮ್ಮ ಮಿಡಿ ಉಪ್ಪಿನಕಾಯಿ ಬಡಿಸಿದರು. ಸ್ವಲ್ಪ ಹೊತ್ತಿಗೆ ಅಳುವಿನ ನಡುವೆಯೇ ಕರುಂ ಎನ್ನುವ ಸದ್ದು ಕೇಳಿಸಿತು. ಅಪ್ಪ ಆಗ ಕ್ಯಾಲೆಂಡರು ಬಿಟ್ಟು ಹೊಸ್ತಿಲ ಹತ್ತಿರ ಬಂದು, "ನಿನ್ನಮ್ಮ ಬಂದ್ ಕೂಡ್ಲೆ ಇಲ್ಲಿಗ್ ಕರ್ಕಂಡ್ ಬಾ. ಭಟ್ರ್ ಹೇಳಿರ್, ಹೊಸ್ತಾಗ್ ಹುಟ್ಟಿದ್ ಲೆಕ್ಕ. ತೊಟ್ಲಿಗೆ ಹಾಕ್ಕ್ ಅವ್ರನ್ನ," ಎಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ಅಳುತ್ತಲೇ ನಕ್ಕರು.

ಆ ಸಂಜೆಯಿಂದ ಅವರ ಹಿತ್ತಾಳೆ ಬಟ್ಟಲು ಮಹಡಿಯಲ್ಲಿ ಇರಲಿಲ್ಲ. ಅಮ್ಮನ ಕೊಡಿಯೊಲೆಯ ಪಕ್ಕಕ್ಕೆ ಬಂತು. ಅಮ್ಮನೇ ದಿನಾ ಅದಕ್ಕೆ ಅನ್ನ ಹಾಕುತ್ತಿದ್ದರು. ಅವರು ಓದು ಮುಗಿಸಿ ಹೊರಟಾಗ ಬಟ್ಟಲನ್ನು ಜೊತೆಗೆ ಒಯ್ದರು. ಬಾಗಿಲಲ್ಲಿ ನಿಂತು, ನನಗೆ ಎರಡೂ ಕೈ ಜೋಡಿಸಿ, "ನೀನು ಅಮ್ಮನ ಹೆಸರು ಚೆನ್ನಾಗಿ ಹೇಳುತ್ತಿ. ಮರೆಯಬೇಡ," ಎಂದರು. ಬೇರೆ ಏನಾದರೂ ಹೇಳಿಯಾರೆಂದು ನಾನು ಕಾದಿದ್ದೆ. ಅವರು ಹೇಳಲಿಲ್ಲ. ಅಮ್ಮ ಅಂದೇ ಬೇರೆ ಒಂದು ಬಟ್ಟಲು ಹುಡುಕಿ ಒಲೆಯ ಪಕ್ಕ ಇಟ್ಟರು. "ಆ ಅಮ್ಮ ಅಲ್ಲಿಗ್ ಹೋಗ್ದೆ ಇಲ್ಲಿಗೇ ಬಂದ್ರೆ?" ಎಂದರು.

ಅಮ್ಮ ಇರುವ ತನಕ ಇಟ್ಟರು. ಆಮೇಲೆ ನಾನು ಇಟ್ಟೆ. ಕೊಡಿಯೊಲೆ ಹೋಗಿ ಗ್ಯಾಸು ಬಂತು, ಮನೆ ಹೋಗಿ ಫ್ಲ್ಯಾಟು ಬಂತು, ಬಟ್ಟಲು ಹೋಗಲಿಲ್ಲ. ವರ್ಷಕ್ಕೊಂದು ಕಾಗದ ಅವರಿಂದ ಬರುತ್ತಿತ್ತು, ಮೊದಲ ಸಾಲು ಪ್ರತಿ ಸಲವೂ ಒಂದೇ: "ಇನ್ನೂ ಬಂದಿಲ್ಲ." ಈಗ ಆ ತಾಯಿ ಇದ್ದರೆ ನೂರು ದಾಟಿರಬೇಕು. ನನಗೆ ಲೆಕ್ಕ ಬರುವುದಿಲ್ಲವೆಂದಲ್ಲ.

ಇವತ್ತು ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ನನ್ನ ಮಗ ತರ್ಪಣಕ್ಕೆ ಕೂತಾಗ ಒಂದು ಚೀಟಿಯಲ್ಲಿ ನಮ್ಮ ಮಹಡಿ ರೂಮಿನವರ ಹೆಸರು ಬರೆದು ಕೊಟ್ಟೆ, ಹೇಗೆ ಹೇಳಬೇಕೆಂದು ತೋರಿಸಿಕೊಟ್ಟೆ, ಗೋತ್ರ ಕಾಶ್ಯಪ ಎಂದೆ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ.

"ಅವಂಗ ಅಮ್ಮಾ ಪೇರುಂ ಸೊಲ್ಲಣುಮಾ?" ಎಂದು ಕೇಳಿದ. ಅವರ ಅಮ್ಮನ ಹೆಸರನ್ನೂ ಹೇಳಬೇಕಾ ಎಂದು.

ಹೆಸರು ನಾಲಗೆಯ ತುದಿಯಲ್ಲಿತ್ತು. ಕಾಗದ ಬರೆದ ಆ ಹುಡುಗಿಗೆ ಅಜ್ಜಿಯ ಹೆಸರು ಸರಿಯಾಗಿ ಹೇಳಲು ಬರುತ್ತದೋ ಇಲ್ಲವೋ. ನನಗೆ ಬರುತ್ತದೆ, ಅಕ್ಷರ ಅಕ್ಷರಕ್ಕೂ ನಿಂತು.

"ಬೇಡ," ಎಂದೆ. "ಅವರು ಇನ್ನೂ ಬಂದಿಲ್ಲ."

ಅವನು ನೀರು ಬಿಟ್ಟ. ನಾನು ಒಳಗೆ ಹೋಗಿ ಅನ್ನ ಇಳಿಸಿ, ಮೊದಲ ಸಟ್ಟುಗವನ್ನು ಬಟ್ಟಲಿಗೆ ಹಾಕಿ, ಮುಚ್ಚಿ, ಒಲೆಯ ಪಕ್ಕ ಇಟ್ಟೆ. ಆಮೇಲೆ ಕೂತು ಕಾಗದಕ್ಕೆ ಉತ್ತರ ಬರೆದೆ: ನಿನ್ನ ಅಪ್ಪನಿಗೆ ನಿಮ್ಮ ಕ್ರಮದ ಹಾಗೆ ಎಡೆ ಇಡು ಮಗಳೇ. ಅಜ್ಜಿಯ ಅನ್ನ ಮಾತ್ರ ತಣ್ಣಗಾಗಲು ಬಿಡಬೇಡ.